ವ್ಯತ್ಯಾಸ ಬೇರೆ, ಬದಲಾವಣೆ ಬೇರೆ: ಕ್ರಾಸ್‌ಸೆಕ್ಷನಲ್ ಮತ್ತು ಲಾಂಗಿಟ್ಯೂಡಿನಲ್ ಅಧ್ಯಯನಗಳು

20, 40, 60, 80 ವರ್ಷದ ಹೆಂಗಸರನ್ನು ನೂರು ನೂರು ಮಂದಿಯಂತೆ ಆರಿಸಿ, ಎಲ್ಲರ ಎತ್ತರವನ್ನೂ ಒಂದೇ ವಾರದಲ್ಲಿ ಅಳೆಯುತ್ತೇವೆ ಎಂದುಕೊಳ್ಳಿ. 20ರವರಿಗಿಂತ 80ರವರು ಸಾಕಷ್ಟು ಗಿಡ್ಡ ಇರುತ್ತಾರೆ. ಹಾಗಾದರೆ ವಯಸ್ಸಾಗುತ್ತಾ ಮನುಷ್ಯರು ಅಷ್ಟೂ ಕುಗ್ಗುತ್ತಾರೆ ಎನ್ನಬಹುದೇ?

ಸ್ವಲ್ಪ ಕುಗ್ಗುವುದು ನಿಜ. ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳು ಸವೆಯುತ್ತವೆ, ಬೆನ್ನು ಬಾಗುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮುಪ್ಪಿನ ಬಗ್ಗೆ 1958ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದರು. 30ರಿಂದ 70ರ ವಯಸ್ಸಿನ ನಡುವೆ ಗಂಡಸರು ಸರಾಸರಿ ಸುಮಾರು 3 ಸೆಂ.ಮೀ., ಹೆಂಗಸರು ಸುಮಾರು 5 ಸೆಂ.ಮೀ. ಎತ್ತರ ಕಳೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. 80ರ ಹೊತ್ತಿಗೆ ಅದು 5 ಮತ್ತು 8 ಸೆಂ.ಮೀ. ಆಗುತ್ತದೆ.

ಈಗ ಇನ್ನೊಂದು ಲೆಕ್ಕ ನೋಡಿ. ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಹೆಂಗಸರಿಗೂ 1996ರಲ್ಲಿ ಹುಟ್ಟಿದವರಿಗೂ ಸರಾಸರಿ ಎತ್ತರದಲ್ಲಿ ಸುಮಾರು 20 ಸೆಂ.ಮೀ. ಅಂತರ ಇದೆ. ಊಟ, ಆರೋಗ್ಯ, ಬಾಲ್ಯ ಎಲ್ಲವೂ ಬದಲಾದ ಶತಮಾನ ಅದು. ಅಲ್ಲಿನ ಅಜ್ಜಿ ಮೊಮ್ಮಗಳಿಗಿಂತ ಗಿಡ್ಡ ಇರುವುದಕ್ಕೆ ಕುಗ್ಗಿದ್ದು ಒಂದು ಕಾರಣ ಮಾತ್ರ. ತನ್ನ 20ರಲ್ಲೂ ಅಜ್ಜಿ ಮೊಮ್ಮಗಳಷ್ಟು ಎತ್ತರ ಇರಲೇ ಇಲ್ಲ.

ಒಂದೇ ವಾರದ ಅಳತೆಯಲ್ಲಿ ಈ ಎರಡು ಸಂಗತಿಗಳು ಬೆರೆತು ಹೋಗಿರುತ್ತವೆ. ಅಲ್ಲಿ ಸಿಗುವುದು ಬೇರೆ ಬೇರೆ ಜನರ ನಡುವಿನ ವ್ಯತ್ಯಾಸ. ನಮಗೆ ಬೇಕಿದ್ದದ್ದು ಒಬ್ಬೊಬ್ಬರಲ್ಲೂ ಆಗುವ ಬದಲಾವಣೆ. ಸಂಶೋಧನೆಯ ಮೊದಲ ವರ್ಷದಲ್ಲೇ ಇದನ್ನು ಪಾಠ ಮಾಡುತ್ತಾರೆ. ಆದರೂ ಪ್ರಬಂಧಗಳಲ್ಲಿ, ಸುದ್ದಿಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ.

ಒಂದು ಹೊತ್ತಿನಲ್ಲಿ, ಬೇರೆ ಬೇರೆ ಜನರನ್ನು ಒಂದೇ ಸಲ ಅಳೆದು ಮುಗಿಸುವುದು ಕ್ರಾಸ್‌ಸೆಕ್ಷನಲ್ ಅಧ್ಯಯನ. ಅದೇ ಜನರನ್ನು ತಿಂಗಳು, ವರ್ಷ, ದಶಕಗಳ ಕಾಲ ಬಿಡದೆ ಹಿಂಬಾಲಿಸಿ ಮತ್ತೆ ಮತ್ತೆ ಅಳೆಯುವುದು ಲಾಂಗಿಟ್ಯೂಡಿನಲ್ ಅಧ್ಯಯನ. ಮುಂದೆ ಇವನ್ನು ಸುಮ್ನೆ ಒಂದೇ ಸಲದ ಅಧ್ಯಯನ, ದೀರ್ಘಾವಧಿ ಅಧ್ಯಯನ ಎಂದು ಕರೆಯುತ್ತೇನೆ.

ಬುದ್ಧಿ ಯಾವಾಗ ಮಂಕಾಗುತ್ತದೆ?

ಎತ್ತರದ ವಿಷಯದಲ್ಲಿ ತಪ್ಪಿದರೆ ದೊಡ್ಡ ನಷ್ಟವಿಲ್ಲ. ಬುದ್ಧಿಶಕ್ತಿಯ ವಿಷಯದಲ್ಲಿ ಹಾಗಲ್ಲ. 20ನೇ ಶತಮಾನದ ಮೊದಲ ಅರ್ಧದಲ್ಲಿ ಬುದ್ಧಿ ಪರೀಕ್ಷೆಗಳನ್ನು ಎಲ್ಲ ವಯಸ್ಸಿನವರಿಗೂ ಒಂದೇ ಕಾಲದಲ್ಲಿ ಕೊಟ್ಟು ಹೋಲಿಸುತ್ತಿದ್ದರು. 20ರ ಆಸುಪಾಸಿನವರು ಮೇಲೆ, ಅಲ್ಲಿಂದ ವಯಸ್ಸು ಹೆಚ್ಚಿದ ಹಾಗೆ ಅಂಕ ಕೆಳಗೆ. ಮನುಷ್ಯನ ಬುದ್ಧಿ ಯೌವನದಲ್ಲೇ ತುದಿ ಮುಟ್ಟಿ, ಆಮೇಲೆ ಇಳಿಯುತ್ತಲೇ ಹೋಗುತ್ತದೆ ಎಂಬ ನಂಬಿಕೆ ಹೀಗೆ ಗಟ್ಟಿಯಾಯಿತು.

ಇದಕ್ಕೆ ಒಂದು ಪೆಟ್ಟು ಬಿದ್ದದ್ದು ಅಮೆರಿಕದ ಐಯೋವಾ ಸ್ಟೇಟ್ ಕಾಲೇಜಿನ ಹಳೆಯ ಕಾಗದಗಳಿಂದ. ಅಲ್ಲಿ 1919ರಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಆರ್ಮಿ ಆಲ್ಫಾ ಎಂಬ ಬುದ್ಧಿ ಪರೀಕ್ಷೆ ಕೊಟ್ಟಿದ್ದರು. ಅವರಲ್ಲಿ 127 ಗಂಡಸರನ್ನು ಸುಮಾರು 30 ವರ್ಷದ ನಂತರ ಹುಡುಕಿ ಅದೇ ಪರೀಕ್ಷೆ ಬರೆಸಿದರು. 50ರ ಹತ್ತಿರ ಬಂದಿದ್ದ ಅವರ ಒಟ್ಟು ಅಂಕ ಇಳಿದಿರಲಿಲ್ಲ, ಏರಿತ್ತು.

ಎರಡೂ ವಿಧಾನಗಳನ್ನು ಒಟ್ಟಿಗೆ ಹೆಣೆದು ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ವಾರ್ನರ್ ಶಾಯ್. 1956ರಲ್ಲಿ ಸಿಯಾಟಲ್‌ನಲ್ಲಿ 20ರಿಂದ 70ರೊಳಗಿನ 500 ಜನರನ್ನು ಪರೀಕ್ಷಿಸಿದರು. ಏಳು ವರ್ಷ ಬಿಟ್ಟು 1963ರಲ್ಲಿ ಅವರನ್ನೇ ಮತ್ತೆ ಕರೆದರು, ಜೊತೆಗೆ ಹೊಸಬರನ್ನೂ ಸೇರಿಸಿಕೊಂಡರು. ಏಳು ವರ್ಷಕ್ಕೊಮ್ಮೆ ಹೀಗೇ ದಶಕಗಳ ಕಾಲ ನಡೆಯಿತು. ಒಂದೇ ಸಲದ ಹೋಲಿಕೆಯಲ್ಲಿ ಕಾಣುತ್ತಿದ್ದ ಕಡಿದಾದ ಇಳಿಜಾರು, ಅದೇ ಜನರನ್ನು ಹಿಂಬಾಲಿಸಿದಾಗ ಕಾಣಲಿಲ್ಲ. ಹೆಚ್ಚಿನ ಸಾಮರ್ಥ್ಯಗಳು ಸುಮಾರು 60ರವರೆಗೂ ಉಳಿದುಕೊಂಡಿದ್ದವು. ಪದಸಂಪತ್ತಿನಂಥವು ನಡುವಯಸ್ಸಿನಲ್ಲೂ ಬೆಳೆಯುತ್ತಿದ್ದವು. ಬೇಗನೆ ಇಳಿಯತೊಡಗಿದ್ದು ಮುಖ್ಯವಾಗಿ ವೇಗ.

ಹಾಗಾದರೆ ಒಂದೇ ಸಲದ ಅಳತೆ ಯಾಕೆ ಅಷ್ಟು ತಪ್ಪಿತು? ಆ ಕಾಲದ 70ರವರು ಶಾಲೆಗೆ ಹೋಗಿದ್ದೇ ಕಡಿಮೆ ವರ್ಷ. ಪರೀಕ್ಷೆ ಬರೆದು ರೂಢಿಯೂ ಇರಲಿಲ್ಲ. 20ರವರು ಹೆಚ್ಚು ಓದಿದ್ದರು. ಬೇರೆ ಕಾಲದಲ್ಲಿ ಹುಟ್ಟಿ ಬೆಳೆದದ್ದರ ಈ ಅಂತರವನ್ನು ಸಂಶೋಧಕರು ಕೋಹಾರ್ಟ್ ಪರಿಣಾಮ ಎನ್ನುತ್ತಾರೆ. ಒಂದೇ ಕಾಲಘಟ್ಟದಲ್ಲಿ ಹುಟ್ಟಿದವರ ಗುಂಪು ಕೋಹಾರ್ಟ್. ಎತ್ತರದಲ್ಲಿ ಆದದ್ದೇ ಇಲ್ಲೂ ಆಗಿತ್ತು. ತಲೆಮಾರಿನ ಅಂತರವನ್ನು ಮುಪ್ಪಿನ ಖಾತೆಗೆ ಬರೆದಿದ್ದರು.

ಇಲ್ಲಿಗೆ ನಿಲ್ಲಿಸಿದರೆ ದೀರ್ಘಾವಧಿ ಅಧ್ಯಯನವೇ ಸರಿ, ಇನ್ನೊಂದು ತಪ್ಪು ಎನಿಸುತ್ತದೆ. ಹಾಗೆ ಹೇಳಿ ಮುಗಿಸುವ ಬರಹಗಳೇ ಜಾಸ್ತಿ. ಆದರೆ 1956ರ ಆ 500 ಜನರಲ್ಲಿ 1963ಕ್ಕೆ ಮರಳಿ ಬಂದವರು 303. ಉಳಿದವರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಕಾಯಿಲೆ ಬಿದ್ದಿರುತ್ತಾರೆ, ಕೆಲವರಿಗೆ ಆಸಕ್ತಿ ಹೋಗಿರುತ್ತದೆ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರ ಮೊದಲ ಅಂಕವೇ ಕಡಿಮೆ ಇರುತ್ತದೆ. ಆರೋಗ್ಯವಾಗಿ, ಚುರುಕಾಗಿ ಇರುವವರು ಮತ್ತೆ ಬರುತ್ತಾರೆ. ಮರಳಿ ಬಂದವರಿಗೆ ಪರೀಕ್ಷೆಯ ಪರಿಚಯವೂ ಆಗಿರುತ್ತದೆ, ಎರಡನೇ ಸಲ ಅದು ಸುಲಭ. ಇವೆರಡೂ ಸೇರಿ ಇಳಿಕೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ.

ಅಂದರೆ ಒಂದು ವಿಧಾನ ಮುಪ್ಪನ್ನು ಹೆಚ್ಚು ಮಾಡಿ ಹೇಳಿತು, ಇನ್ನೊಂದು ಕಡಿಮೆ ಮಾಡಿ ಹೇಳಿತು. ನಿಜ ಎಲ್ಲೋ ನಡುವೆ ಇದೆ. ಎರಡೂ ವಿಧಾನಗಳ ತಪ್ಪು ಎತ್ತ ಕಡೆಗೆ ವಾಲುತ್ತದೆ ಎಂದು ಗೊತ್ತಿರುವುದೇ ಇಲ್ಲಿ ಬೆಲೆಬಾಳುವ ವಿಷಯ.

ಸರಾಸರಿಯೊಳಗೆ ಕಳೆದುಹೋಗುವ ಮಗು

ಫ್ರಾನ್ಸಿನ ಮೊಂಬೆಯಾರ್ ಎಂಬಾತ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು ಅಂದಾಜು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. 1777ರವರೆಗೂ, ಅಂದರೆ ಹುಡುಗನಿಗೆ 18 ಆಗುವವರೆಗೂ ಬಿಡಲಿಲ್ಲ. ಒಂದೇ ಮಗುವಿನ ಬೆಳವಣಿಗೆಯನ್ನು ಹುಟ್ಟಿನಿಂದ ದೊಡ್ಡವನಾಗುವ ತನಕ ಹಿಂಬಾಲಿಸಿದ, ನಮಗೆ ಸಿಕ್ಕಿರುವ ತೀರ ಹಳೆಯ ದಾಖಲೆ ಅದು. ಹರೆಯದಲ್ಲಿ ಹುಡುಗ ಏಕ್ದಂ ಉದ್ದವಾದದ್ದು ಅದರಲ್ಲಿ ಎದ್ದು ಕಾಣುತ್ತದೆ.

ಸಾವಿರ ಮಕ್ಕಳನ್ನು ಒಂದೇ ದಿನ ಅಳೆದರೂ ಆ ಜಿಗಿತ ಅಷ್ಟು ಚೂಪಾಗಿ ಕಾಣುವುದಿಲ್ಲ. ಯಾಕೆಂದು ಸಣ್ಣ ಲೆಕ್ಕದಲ್ಲಿ ನೋಡೋಣ. ನಾಲ್ವರು ಹುಡುಗಿಯರು. ಪ್ರತಿಯೊಬ್ಬಳೂ ಮಾಮೂಲಿ ವರ್ಷದಲ್ಲಿ 5 ಸೆಂ.ಮೀ., ಜಿಗಿತದ ಒಂದು ವರ್ಷದಲ್ಲಿ 8 ಸೆಂ.ಮೀ. ಬೆಳೆಯುತ್ತಾಳೆ. ಒಬ್ಬಳಿಗೆ ಜಿಗಿತ ಬರುವುದು 10ನೇ ವರ್ಷದಲ್ಲಿ, ಇನ್ನೊಬ್ಬಳಿಗೆ 11ರಲ್ಲಿ, ಮತ್ತೊಬ್ಬಳಿಗೆ 12ರಲ್ಲಿ, ಕೊನೆಯವಳಿಗೆ 13ರಲ್ಲಿ. ಯಾವ ವರ್ಷ ತೆಗೆದುಕೊಂಡರೂ ಒಬ್ಬಳು 8, ಉಳಿದ ಮೂವರು 5. ಸರಾಸರಿ 5.75. ನಾಲ್ಕು ವರ್ಷವೂ ಅದೇ 5.75! ಪ್ರತಿಯೊಬ್ಬಳೂ ಜಿಗಿದಿದ್ದಾಳೆ, ಸರಾಸರಿ ಮಾತ್ರ ಒಂದೂ ಜಿಗಿತವಿಲ್ಲದೆ ನಿಧಾನವಾಗಿ ನಡೆದುಹೋಗಿದೆ. ಆ ಸರಾಸರಿಯ ಹಾಗೆ ಬೆಳೆದ ಹುಡುಗಿ ಒಬ್ಬಳೂ ಇಲ್ಲ.

ಒಬ್ಬೊಬ್ಬರ ದಾಖಲೆಯೂ ಕೈಯಲ್ಲಿದ್ದರೆ, ಪ್ರತಿಯೊಬ್ಬಳ ಜಿಗಿತದ ವರ್ಷವನ್ನು ಒಂದರ ಕೆಳಗೊಂದು ಜೋಡಿಸಿ ನೋಡಬಹುದು. ಆಗ 8 ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಸಲದ ಅಳತೆಯಲ್ಲಿ ಈ ದಾರಿಯೇ ಇಲ್ಲ. ಮಕ್ಕಳ ಓದು, ಮನಸ್ಸು, ಮಾತು, ಯಾವುದರ ಬಗ್ಗೆ ಅಧ್ಯಯನ ಮಾಡಿದರೂ ಈ ಮಾತು ಸಲ್ಲುತ್ತದೆ.

ಯಾವುದು ಮೊದಲು?

ದಿನಾ ನಡೆಯುವವರಲ್ಲಿ ಖಿನ್ನತೆ ಕಡಿಮೆ ಎಂದು ಒಂದು ಸಮೀಕ್ಷೆ ಹೇಳುತ್ತದೆ ಎಂದಿಟ್ಟುಕೊಳ್ಳಿ. ನಡೆದದ್ದರಿಂದ ಮನಸ್ಸು ಹಗುರವಾಯಿತೋ, ಮನಸ್ಸು ಹಗುರ ಇದ್ದವರೇ ಎದ್ದು ನಡೆಯಲು ಹೊರಟರೋ? ಎರಡನ್ನೂ ಒಂದೇ ದಿನ ಕೇಳಿದ್ದರೆ ಯಾವುದು ಮೊದಲು ಬಂತು ಎಂದು ಹೇಳುವುದು ಕಷ್ಟ. ಖಿನ್ನತೆ ಇಲ್ಲದವರನ್ನೇ ಆರಿಸಿ, ಅವರ ನಡಿಗೆಯನ್ನು ಬರೆದುಕೊಂಡು, ಮುಂದಿನ ವರ್ಷಗಳಲ್ಲಿ ಯಾರಿಗೆ ಖಿನ್ನತೆ ಬಂತು ಎಂದು ನೋಡಿದರೆ ಹಿಂದುಮುಂದು ತಿಳಿಯುತ್ತದೆ.

ಸಿಗರೇಟಿನ ವಿಷಯದಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಮಾಡಿದ್ದು ಇದನ್ನೇ. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆ ಪತ್ರ ಬರೆದು ಅವರ ಧೂಮಪಾನದ ವಿವರ ಕೇಳಿದರು. ಉತ್ತರಿಸಿದ 34,000ಕ್ಕೂ ಹೆಚ್ಚು ಪುರುಷ ವೈದ್ಯರನ್ನು 2001ರವರೆಗೆ, 50 ವರ್ಷ ಹಿಂಬಾಲಿಸಲಾಯಿತು. ಕಾಯಿಲೆ ಬರುವ ಮೊದಲೇ ಅಭ್ಯಾಸ ದಾಖಲಾಗಿತ್ತು. ಆದ್ದರಿಂದ ಕಾಯಿಲೆ ಬಿದ್ದವರು ಹಳೆಯದನ್ನು ಹೆಚ್ಚು ಕಡಿಮೆ ಮಾಡಿ ನೆನಪಿಸಿಕೊಳ್ಳುವ ಸಮಸ್ಯೆ ಬರಲಿಲ್ಲ. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ತೀರಿಕೊಂಡರು. ಇನ್ನೂ ದೊಡ್ಡ ವಿಷಯವೆಂದರೆ ಬಿಟ್ಟವರ ಲೆಕ್ಕ. 60ರಲ್ಲಿ ಬಿಟ್ಟವರು ಸುಮಾರು 3 ವರ್ಷ, 50ರಲ್ಲಿ ಬಿಟ್ಟವರು 6, 40ರಲ್ಲಿ ಬಿಟ್ಟವರು 9, 30ರಲ್ಲಿ ಬಿಟ್ಟವರು ಹೆಚ್ಚು ಕಡಿಮೆ ಆ ಹತ್ತನ್ನೂ ಉಳಿಸಿಕೊಂಡರು. ಯಾವ ವಯಸ್ಸಿನಲ್ಲಿ ಬಿಟ್ಟರೆ ಎಷ್ಟು ಆಯಸ್ಸು ಎಂಬ ಉತ್ತರ ಇಂಥ ತಾಳ್ಮೆಯಿಂದಲೇ ಸಿಗಬೇಕು.

ಹೃದಯದ ಕಾಯಿಲೆಗೆ ಇನ್ನೊಂದು ತೊಡಕಿದೆ. ಒಂದೇ ಸಲದ ಸಮೀಕ್ಷೆಯಲ್ಲಿ ಬದುಕಿರುವವರು ಮಾತ್ರ ಸಿಗುತ್ತಾರೆ. ಮೊದಲ ಹೃದಯಾಘಾತದಲ್ಲೇ ಸತ್ತವರು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದಲೇ ಅಮೆರಿಕದ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಶುರುವಾದ ಅಧ್ಯಯನ ಅಷ್ಟು ಮುಖ್ಯವಾಯಿತು. 5,209 ಜನರನ್ನು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಾ ಹೋದರು. ಹೆಚ್ಚು ರಕ್ತದೊತ್ತಡ, ಹೆಚ್ಚು ಕೊಲೆಸ್ಟರಾಲ್ ಇದ್ದವರಿಗೇ ಮುಂದೆ ಹೃದಯದ ಕಾಯಿಲೆ ಜಾಸ್ತಿ ಎಂಬುದು ಅಲ್ಲಿಂದ ಖಚಿತವಾಗುತ್ತಾ ಬಂತು. ಇವತ್ತು ವೈದ್ಯರು ಬಿ.ಪಿ. ನೋಡಿ ಎಚ್ಚರಿಕೆ ಹೇಳುವುದರ ಹಿಂದೆ ಆ ಪಟ್ಟಣದ ಜನರ ಸಹನೆ ಇದೆ.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಯಾವುದು ಮೊದಲು ಎಂದು ಗೊತ್ತಾದ ಮಾತ್ರಕ್ಕೆ ಅದೇ ಕಾರಣ ಎಂದು ಸಾಬೀತಾಗುವುದಿಲ್ಲ. 1976ರಲ್ಲಿ ಅಮೆರಿಕದಲ್ಲಿ 1,21,700 ನರ್ಸ್‌ಗಳ ದೀರ್ಘಾವಧಿ ಅಧ್ಯಯನ ಶುರುವಾಯಿತು. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಅದರಲ್ಲಿ ಕಂಡಿತು. ಆಮೇಲೆ ಚೀಟಿ ಎತ್ತಿದಂತೆ ಯಾರಿಗೆ ಮಾತ್ರೆ, ಯಾರಿಗಿಲ್ಲ ಎಂದು ಹಂಚಿ ಮಾಡಿದ ದೊಡ್ಡ ಪ್ರಯೋಗದಲ್ಲಿ, ಎರಡು ಹಾರ್ಮೋನ್ ಕೂಡಿದ ಮಾತ್ರೆಯಿಂದ ಅಂಥ ರಕ್ಷಣೆ ಸಿಗಲಿಲ್ಲ. ಅಪಾಯವೇ ತುಸು ಜಾಸ್ತಿ ಕಂಡು, 2002ರಲ್ಲಿ ಆ ಭಾಗವನ್ನು ನಿಲ್ಲಿಸಿದರು. ಈ ಅಂತರಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ: ಮಾತ್ರೆ ಕೇಳಿ ಪಡೆದವರು ಮೊದಲೇ ಆರೋಗ್ಯದ ಬಗ್ಗೆ ಹೆಚ್ಚು ಎಚ್ಚರ ಇದ್ದವರು, ಮತ್ತು ಯಾವ ವಯಸ್ಸಿನಲ್ಲಿ ಮಾತ್ರೆ ಶುರು ಮಾಡಿದರು ಎಂಬುದರಲ್ಲೂ ವ್ಯತ್ಯಾಸ ಇತ್ತು. ಎಷ್ಟೇ ವರ್ಷ ಹಿಂಬಾಲಿಸಿದರೂ, ಯಾರು ಯಾವ ಗುಂಪಿಗೆ ಸೇರಿದರು ಎಂಬುದು ಅವರವರ ಆಯ್ಕೆಯಾಗಿದ್ದರೆ ಈ ಅನುಮಾನ ಉಳಿದೇ ಉಳಿಯುತ್ತದೆ.

ಎಣಿಕೆಯಲ್ಲಿ ಯಾರು ಹೆಚ್ಚು ಸಿಗುತ್ತಾರೆ?

ಇದು ಕಡಿಮೆ ಚರ್ಚೆಯಾಗುವ ವಿಷಯ, ನನ್ನ ಪ್ರಕಾರ ತುಂಬಾ ಮುಖ್ಯ. ಒಂದು ಊರಿನಲ್ಲಿ ಪ್ರತಿ ತಿಂಗಳೂ ಹತ್ತು ಜನ ಕೆಲಸ ಕಳೆದುಕೊಂಡು, ಒಂದೇ ತಿಂಗಳಲ್ಲಿ ಬೇರೆ ಕೆಲಸ ಹಿಡಿಯುತ್ತಾರೆ. ಇದರ ಜೊತೆಗೆ ವರ್ಷಕ್ಕೆ ಹತ್ತು ಜನ ಕೆಲಸ ಕಳೆದುಕೊಂಡು, ಇಡೀ ವರ್ಷ ಖಾಲಿ ಕೂರುತ್ತಾರೆ ಎಂದುಕೊಳ್ಳಿ. ಯಾವುದೋ ಒಂದು ದಿನ ಹೋಗಿ ಎಣಿಸಿದರೆ, ಕೆಲಸವಿಲ್ಲದವರು 20. ಅದರಲ್ಲಿ ಅರ್ಧ ದೀರ್ಘಕಾಲದ ನಿರುದ್ಯೋಗಿಗಳು. ಪರಿಸ್ಥಿತಿ ಗಂಭೀರ ಎನಿಸುತ್ತದೆ.

ವರ್ಷಪೂರ್ತಿ ಹಿಂಬಾಲಿಸಿದರೆ? ಕೆಲಸ ಕಳೆದುಕೊಂಡವರು ಒಟ್ಟು 130. ಅದರಲ್ಲಿ 120 ಜನ ತಿಂಗಳೊಳಗೆ ಹೊರಬಂದವರು. ಜನ ಅವರೇ, ಚಿತ್ರ ಬೇರೆ. ಜಾಸ್ತಿ ದಿನ ಸಿಕ್ಕಿಹಾಕಿಕೊಂಡವರು ಒಂದು ದಿನದ ಎಣಿಕೆಗೆ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದಲ್ಲಿ 1968ರಿಂದ ಸುಮಾರು 5,000 ಕುಟುಂಬಗಳನ್ನು, ಅವರ ಮನೆ ಬಿಟ್ಟು ಹೋದ ಮಕ್ಕಳನ್ನೂ ಸೇರಿಸಿ ಹಿಂಬಾಲಿಸುತ್ತಾ ಬಂದಿದ್ದಾರೆ. ಬಡತನಕ್ಕೆ ಬೀಳುವವರಲ್ಲಿ ಹೆಚ್ಚಿನವರು ಕೆಲವೇ ವರ್ಷದಲ್ಲಿ ಮೇಲೇಳುತ್ತಾರೆ, ಆದರೆ ಯಾವುದೇ ಒಂದು ಹೊತ್ತಿನಲ್ಲಿ ಬಡವರಾಗಿರುವವರಲ್ಲಿ ಹೆಚ್ಚಿನವರು ದೀರ್ಘಕಾಲ ಅಲ್ಲೇ ಇರುವವರು ಎಂದು ಆ ದಾಖಲೆಯಿಂದ ಗೊತ್ತಾಯಿತು. ಎರಡೂ ನಿಜ. ಬಡತನ ಹೆಚ್ಚಿನವರಿಗೆ ತಾತ್ಕಾಲಿಕ ಎನ್ನುವವರೂ, ಅದು ಹೊರಬರಲಾಗದ ಗುಂಡಿ ಎನ್ನುವವರೂ ಜಗಳ ಆಡುತ್ತಿದ್ದರಲ್ಲ, ಅವರು ಬೇರೆ ಬೇರೆ ಲೆಕ್ಕ ನೋಡುತ್ತಿದ್ದರು. ಕಾಯಿಲೆಗೂ ಇದೇ ಮಾತು. ಬೇಗ ವಾಸಿಯಾಗುವ ಅಥವಾ ಬೇಗ ಕೊಲ್ಲುವ ಕಾಯಿಲೆ ಸಮೀಕ್ಷೆಯಲ್ಲಿ ಕಡಿಮೆ ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ಒಂದೇ ಸಲದ ಅಧ್ಯಯನ ಯಾಕೆ ಬೇಕು?

ಯಾಕೆಂದರೆ ಎಷ್ಟೋ ಪ್ರಶ್ನೆಗಳಿಗೆ ಅದೇ ಸರಿಯಾದ ಉತ್ತರ. ಈಗ ಎಷ್ಟು ಮಕ್ಕಳಿಗೆ ಲಸಿಕೆ ಸಿಕ್ಕಿದೆ, ಎಷ್ಟು ಜನರಿಗೆ ಕನ್ನಡಕ ಬೇಕು, ಎಷ್ಟು ಹಾಸಿಗೆ ಸಿದ್ಧ ಇರಬೇಕು ಎಂದು ತಿಳಿಯಲು 20 ವರ್ಷ ಕಾಯುವುದರಲ್ಲಿ ಅರ್ಥವಿಲ್ಲ. ಇವತ್ತಿನ ಸ್ಥಿತಿ ಬೇಕಾದಾಗ ಇವತ್ತಿನ ಜನರನ್ನೇ ಕೇಳಬೇಕು. ಅದನ್ನು ಕೀಳು ವಿಧಾನ ಎಂದು ನೋಡುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಐದಾರು ವರ್ಷಕ್ಕೊಮ್ಮೆ ಹೊಸ ಜನರನ್ನು ಆರಿಸಿ ಅದೇ ಪ್ರಶ್ನೆ ಕೇಳುತ್ತಾ ಹೋದರೆ, ಸಮಾಜ ಎತ್ತ ಸಾಗುತ್ತಿದೆ ಎಂಬುದೂ ತಿಳಿಯುತ್ತದೆ. ಯಾವ ವ್ಯಕ್ತಿ ಬದಲಾದ ಎಂಬುದು ಮಾತ್ರ ತಿಳಿಯುವುದಿಲ್ಲ.

ದೀರ್ಘಾವಧಿ ಅಧ್ಯಯನದ ಖರ್ಚು, ಶ್ರಮ ಎಂಥದ್ದು ಎಂದು ಊಹಿಸುವುದೂ ಕಷ್ಟ. ಒಂದು ಲಕ್ಷ ಮಕ್ಕಳನ್ನು ಹುಟ್ಟುವ ಮೊದಲಿನಿಂದ 21ರವರೆಗೆ ಹಿಂಬಾಲಿಸಲು ಅಮೆರಿಕ ಯೋಜನೆ ಹಾಕಿತ್ತು. 100 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾದ ಮೇಲೆ, ಮುಖ್ಯ ಅಧ್ಯಯನ ಶುರುವಾಗುವ ಮೊದಲೇ 2014ರಲ್ಲಿ ಅದನ್ನು ಕೈಬಿಟ್ಟರು. ಇದಕ್ಕೆ ಎದುರಾಗಿ ನ್ಯೂಜಿಲೆಂಡಿನ ಡನೀಡನ್ ಅಧ್ಯಯನ ನೋಡಿ. 1972-73ರಲ್ಲಿ ಹುಟ್ಟಿದ 1,037 ಮಕ್ಕಳು. ಅವರಿಗೆ 45 ಆದಾಗ ಬದುಕಿದ್ದವರು 997, ಅಳತೆಗೆ ಬಂದವರು 938. ಬೇರೆ ದೇಶಗಳಿಗೆ ಹೋಗಿ ನೆಲೆಸಿದವರನ್ನೂ ವಿಮಾನದ ಖರ್ಚು ಕೊಟ್ಟು ಕರೆಸುತ್ತಾರೆ. ಜೈಲಿನಲ್ಲಿರುವವರನ್ನೂ ಬಿಡುವುದಿಲ್ಲ. ಕಷ್ಟದಲ್ಲಿರುವವರೇ ಮೊದಲು ತಪ್ಪಿಹೋಗುವುದು, ಅವರು ತಪ್ಪಿದರೆ ಅಧ್ಯಯನವೇ ಸುಳ್ಳಾಗುತ್ತದೆ ಎಂದು ಅಲ್ಲಿನ ಸಂಶೋಧಕರಿಗೆ ಚೆನ್ನಾಗಿ ಗೊತ್ತು.

ಇನ್ನು, ಒಂದು ವರ್ಷದಲ್ಲಿ ಪ್ರಬಂಧ ಮುಗಿಸಬೇಕಾದ ವಿದ್ಯಾರ್ಥಿ ಏನು ಮಾಡಬೇಕು? ಒಂದೇ ಸಲದ ಅಧ್ಯಯನವನ್ನೇ ಮಾಡಬೇಕು, ಅದರಲ್ಲಿ ಸಂಕೋಚ ಬೇಡ. ಬರೆಯುವಾಗ ಮಾತ್ರ ಎಚ್ಚರ ಬೇಕು. "ವಯಸ್ಸಾದಂತೆ ನೆನಪಿನ ಶಕ್ತಿ ಕುಂದುತ್ತದೆ" ಎಂದು ಬರೆಯುವ ಬದಲು "60 ದಾಟಿದವರ ಅಂಕ 30ರವರ ಅಂಕಕ್ಕಿಂತ ಕಡಿಮೆ ಇತ್ತು" ಎಂದು ಬರೆಯಿರಿ. ಮೊದಲನೆಯದನ್ನು ನೀವು ನೋಡಿಯೇ ಇಲ್ಲ, ಅಲ್ವಾ? ಎರಡನೆಯದನ್ನು ನೋಡಿದ್ದೀರಿ.

ಮೂರು ನಾಲ್ಕು ವರ್ಷ ಸಮಯ ಇದ್ದರೆ ಒಂದು ಜಾಣ ದಾರಿ ಇದೆ. 5, 8, 11, 14 ವರ್ಷದ ನಾಲ್ಕು ಗುಂಪುಗಳನ್ನು ಒಟ್ಟಿಗೆ ಶುರು ಮಾಡಿ, ಮೂರು ವರ್ಷ ಹಿಂಬಾಲಿಸಿ. ಮೊದಲ ಗುಂಪು 5ರಿಂದ 8ಕ್ಕೆ, ಎರಡನೆಯದು 8ರಿಂದ 11ಕ್ಕೆ, ಮೂರನೆಯದು 14ಕ್ಕೆ, ಕೊನೆಯದು 17ಕ್ಕೆ ಬರುತ್ತದೆ. ಮೂರು ವರ್ಷದಲ್ಲಿ 12 ವರ್ಷದ ಬೆಳವಣಿಗೆ ಕೈಗೆ ಸಿಕ್ಕಿತು. ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲೂಬಹುದು: ಬೆಳೆದು 8ಕ್ಕೆ ಬಂದ ಮಕ್ಕಳ ಅಂಕ, ಶುರುವಿನಲ್ಲೇ 8 ಆಗಿದ್ದ ಮಕ್ಕಳ ಅಂಕಕ್ಕೆ ಹೊಂದಬೇಕು. ಹೊಂದದಿದ್ದರೆ ತಲೆಮಾರಿನ ಅಂತರವೋ, ಮತ್ತೆ ಮತ್ತೆ ಪರೀಕ್ಷೆ ಬರೆದ ರೂಢಿಯೋ, ಆ ವರ್ಷಗಳಲ್ಲಿ ನಡೆದ ಇನ್ನೇನೋ ಘಟನೆಯೋ ನಡುವೆ ಬಂದಿದೆ ಎಂದರ್ಥ.

ಎಷ್ಟು ಸಲ ಅಳೆಯಬೇಕು ಎಂಬುದನ್ನೂ ಮೊದಲೇ ಯೋಚಿಸಿ. ಎರಡೇ ಸಲ ಅಳೆದರೆ ನಡುವೆ ಒಂದು ನೇರ ಗೆರೆ ಎಳೆಯಬಹುದು, ಅಷ್ಟೇ. ಬದಲಾವಣೆ ಮೊದಲು ಜೋರಾಗಿ ಆಮೇಲೆ ನಿಂತಿತೋ, ಕೊನೆಗೆ ಶುರುವಾಯಿತೋ ಗೊತ್ತಾಗುವುದಿಲ್ಲ. ಮೊದಲ ಸಲ ಅದೃಷ್ಟದಿಂದ ಹೆಚ್ಚು ಅಂಕ ಪಡೆದವರು ಎರಡನೇ ಸಲ ತಾವಾಗಿಯೇ ಸ್ವಲ್ಪ ಕೆಳಗಿಳಿಯುತ್ತಾರೆ, ಕಡಿಮೆ ಪಡೆದವರು ಮೇಲೇರುತ್ತಾರೆ. ಅದನ್ನು ನಿಜವಾದ ಬದಲಾವಣೆ ಎಂದುಕೊಂಡುಬಿಡುವ ಅಪಾಯವೂ ಇದೆ. ಮೂರನೇ ಅಳತೆ ಸೇರಿದ ಮೇಲೆಯೇ ಗೆರೆ ಎಲ್ಲಿ ಬಾಗುತ್ತದೆ ಎಂದು ಕಾಣಲು ಶುರುವಾಗುತ್ತದೆ.